ಸಾಕ್ಷ್ಯದ ವಿಭಜನೆ: ಕಂಟೈನರ್‌ಗಳ ಸಮಗ್ರತಾ ದಾಖಲೆಯನ್ನು ಕುರಿತು ಒಂದು ವಿಮರ್ಶೆ

ಗಣಕಯಂತ್ರವೊಂದು ತಾನು ಯಾವ ಯಾವ ಪ್ರೋಗ್ರಾಂಗಳನ್ನು ನಡೆಸಿತೆಂಬುದನ್ನು ತಾನೇ ಬರೆದಿಟ್ಟುಕೊಂಡು, ಕೇಳಿದವರಿಗೆ ಆ ಬರೆಹವನ್ನು ಪ್ರಮಾಣಸಹಿತವಾಗಿ ಒಪ್ಪಿಸಬಲ್ಲುದೆಂಬ ಸಂಗತಿ ಮಾನವಿಕ ವಿಷಯಗಳ ಅಧ್ಯಾಪಕರಲ್ಲಿ ಅಷ್ಟಾಗಿ ಪರಿಚಿತವಾದುದಲ್ಲ. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ಕರ್ನಲ್‌ನಲ್ಲಿ, ಎಂದರೆ ಯಂತ್ರಾಂಗಗಳಿಗೂ ಪ್ರೋಗ್ರಾಂಗಳಿಗೂ ನಡುವೆ ನಿಂತು ಎರಡನ್ನೂ ಆಳುವ ಅದರ ತಿರುಳಿನಲ್ಲಿ, ಇಂಥ ದಾಖಲೆಯನ್ನು ಬರೆಯುವ ಅಂಗವೊಂದುಂಟು. ಅದನ್ನು ಸಮಗ್ರತಾ ಮಾಪನ ವ್ಯವಸ್ಥೆಯೆಂದು ಕರೆಯಬಹುದು. ಬಳಕೆಯಲ್ಲಿರುವ ಹ್ರಸ್ವನಾಮ ಐಎಂಎ. ಒಂದೇ ಕರ್ನಲ್‌ನ ಮೇಲೆ, ಪರಸ್ಪರ ಪರಿಚಯವಿಲ್ಲದ ಹತ್ತಾರು ಒಡೆಯರ ಕೆಲಸಗಳು ಕಂಟೈನರ್‌ಗಳೆಂಬ ಪ್ರತ್ಯೇಕ ಆವರಣಗಳಲ್ಲಿ ನಡೆಯುವ ಪದ್ಧತಿ ಬಂದ ಮೇಲೆ, ಈ ಒಂದೇ ದಾಖಲೆಯನ್ನು ಆವರಣಕ್ಕೊಂದರಂತೆ ಬೇರ್ಪಡಿಸಬೇಕೆಂಬ ವಾದ ಎದ್ದಿದೆ. ಆ ವಾದವನ್ನೂ ಅದರ ಪರವಾಗಿ ೨೦೧೮ರಿಂದ ಈಚೆಗೆ ಬಂದಿರುವ ಮುಖ್ಯ ಸೂಚನೆಗಳನ್ನೂ ಸಾಕ್ಷ್ಯದ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಚರಿತ್ರೆಯ ಅಧ್ಯಾಪಕನಿಗೆ ಇಲ್ಲೇನು ಕೆಲಸವೆಂದು ಕೆಲವರು ಕೇಳಬಹುದು. ಆಡಳಿತದ, ವ್ಯಾಪಾರದ, ನ್ಯಾಯದಾನದ ಕಾಗದಪತ್ರಗಳು ಇಂದು ಬಹುಮಟ್ಟಿಗೆ ಹುಟ್ಟುವುದೇ ಗಣಕಯಂತ್ರಗಳಲ್ಲಿ. ನಾಳೆ ಅವನ್ನು ಆಕರಗಳೆಂದು ಕೈಗೆತ್ತಿಕೊಳ್ಳುವವನು, ಅವು ಹುಟ್ಟಿದ ಕಾಲದಲ್ಲಿ ಆ ಯಂತ್ರ ನಂಬಿಕೆಗೆ ಅರ್ಹವಾಗಿದ್ದಿತೇ ಎಂದು ಕೇಳದೆ ಮುಂದುವರಿಯಲಾರ. ಅದಲ್ಲದೆ, ಯಾರು ಬರೆದರು, ಯಾರ ವಶದಲ್ಲಿತ್ತು, ನಡುವೆ ಏನನ್ನಾದರೂ ಸೇರಿಸಿದರೇ ಅಥವಾ ತೆಗೆದರೇ ಎಂಬ ಪ್ರಶ್ನೆಗಳು ಆಕರವಿಮರ್ಶೆಯ ಹಳೆಯ ಪ್ರಶ್ನೆಗಳೇ. ತಂತ್ರಜ್ಞರು ಅವನ್ನು ಬೇರೆ ಮಾತಿನಲ್ಲಿ ಕೇಳುತ್ತಿದ್ದಾರೆ, ಅಷ್ಟೆ.

ಮೊದಲು ದಾಖಲೆಯ ಸ್ವರೂಪವನ್ನು ತಿಳಿಯಬೇಕು. ಐಬಿಎಂ ಸಂಸ್ಥೆಯ ವಾಟ್ಸನ್ ಸಂಶೋಧನಾಲಯದ ರೈನರ್ ಸೈಲರ್ ಮತ್ತು ಅವರ ಸಂಗಡಿಗರು ೨೦೦೪ರಲ್ಲಿ ಈ ವ್ಯವಸ್ಥೆಯನ್ನು ಒಂದು ಪ್ರಬಂಧದ ಮೂಲಕ ವಿವರಿಸಿದರು. ೨೦೦೯ರಲ್ಲಿ ಅದು ಲಿನಕ್ಸ್ ಕರ್ನಲ್‌ನ ೨.೬.೩೦ನೆಯ ಆವೃತ್ತಿಗೆ ಸೇರಿತು. ಅದರ ಕ್ರಮ ಹೀಗೆ: ಪ್ರೋಗ್ರಾಂ ಒಂದನ್ನು ನಡೆಸುವ ಮುನ್ನ ಕರ್ನಲ್ ಆ ಕಡತವನ್ನೆಲ್ಲ ಓದಿ, ಅದರ ಹ್ಯಾಷ್ ಎಂಬ ಸಂಖ್ಯೆಯನ್ನು ಗಣಿಸುತ್ತದೆ. ಕಡತದ ಒಂದೇ ಅಕ್ಷರ ಬದಲಾದರೂ ಈ ಸಂಖ್ಯೆ ಬೇರೆಯಾಗುವುದರಿಂದ ಅದನ್ನು ಕಡತದ ಬೆರಳಚ್ಚು ಎನ್ನಬಹುದು. ಬೆರಳಚ್ಚೂ ಕಡತದ ಹೆಸರೂ ಕರ್ನಲ್‌ನ ಸ್ಮೃತಿಯಲ್ಲಿರುವ ಪಟ್ಟಿಯ ಕೊನೆಗೆ ಒಂದು ಸಾಲಾಗಿ ಸೇರುತ್ತವೆ. ಅದೇ ಹೊತ್ತಿಗೆ ಟಿಪಿಎಂ ಎಂಬ ಪ್ರತ್ಯೇಕ ಚಿಪ್ಪಿನೊಳಗಿನ ಪಿಸಿಆರ್ ಎಂಬ ಕೋಶಕ್ಕೂ ಸುದ್ದಿ ಹೋಗುತ್ತದೆ. ಈ ಕೋಶದ ವಿಶೇಷವೇನೆಂದರೆ, ಅದರಲ್ಲಿ ಇಷ್ಟಬಂದ ಬೆಲೆಯನ್ನು ಬರೆಯಲು ಯಾರಿಗೂ ಆಗದು. ಇದ್ದ ಬೆಲೆಗೆ ಹೊಸದನ್ನು ಜೋಡಿಸಿ, ಆ ಜೋಡಣೆಯ ಹ್ಯಾಷ್‌ನ್ನು ಮತ್ತೆ ಅಲ್ಲಿಯೇ ಇಡಬಹುದು, ಅಷ್ಟು ಮಾತ್ರ. ಐಎಂಎ ವಾಡಿಕೆಯಾಗಿ ಉಪಯೋಗಿಸುವುದು ೧೦ನೆಯ ಕೋಶವನ್ನು. ಯಂತ್ರವನ್ನು ಮತ್ತೆ ಆರಂಭಿಸುವ ತನಕ ಆ ಕೋಶ ಹಿಂದಿನ ಸ್ಥಿತಿಗೆ ಮರಳುವುದಿಲ್ಲ. ದೂರದ ಪರೀಕ್ಷಕನೊಬ್ಬ ಕೇಳಿದಾಗ ಚಿಪ್ಪು ಕೋಶದ ಬೆಲೆಗೆ ತನ್ನ ಸಹಿ ಹಾಕಿ ಕೊಡುತ್ತದೆ, ಕರ್ನಲ್ ಪಟ್ಟಿಯನ್ನು ಕೊಡುತ್ತದೆ. ಪಟ್ಟಿಯನ್ನು ಮೊದಲಿನಿಂದ ಕೊನೆಯ ವರೆಗೆ ತಾನೇ ಗಣಿಸಿ ನೋಡಿ, ಬಂದ ಫಲ ಸಹಿಯಾದ ಬೆಲೆಗೆ ಸರಿಹೊಂದಿದರೆ, ಪಟ್ಟಿಯಲ್ಲಿ ಒಂದು ಸಾಲೂ ಕಡಮೆಯಾಗಿಲ್ಲ, ಒಂದೂ ಹೆಚ್ಚಾಗಿಲ್ಲ, ಕ್ರಮವೂ ತಪ್ಪಿಲ್ಲವೆಂದು ಪರೀಕ್ಷಕನು ನಂಬುತ್ತಾನೆ.

ಶಾಸನಶಾಸ್ತ್ರದ ಪರಿಚಯವಿರುವ ವಾಚಕರಿಗೆ ತಾಮ್ರಪಟಗಳ ಬಳೆ ಇಲ್ಲಿ ನೆನಪಾಗದಿರದು. ಹಲಗೆಗಳನ್ನು ಒಂದೇ ಬಳೆಯಲ್ಲಿ ಪೋಣಿಸಿ, ಬಳೆಯ ತುದಿಗಳನ್ನು ರಾಜಮುದ್ರೆಯಲ್ಲಿ ಬೆಸೆಯುತ್ತಿದ್ದುದು ನಡುವೆ ಹೊಸ ಹಲಗೆ ಸೇರದಿರಲೆಂದೇ. ಶಾಸನವನ್ನು ಸಂಪಾದಿಸುವವರು, ಅದು ತಮ್ಮ ಕೈಗೆ ಬಂದಾಗ ಬಳೆಯನ್ನು ಕತ್ತರಿಸಿತ್ತೋ ಇಲ್ಲವೋ ಎಂಬುದನ್ನು ತಪ್ಪದೆ ಬರೆಯುತ್ತಿದ್ದುದೂ ಅದಕ್ಕಾಗಿಯೇ. ಆದರೆ ಬಳೆ ಇಡಿಯಾಗಿದ್ದ ಮಾತ್ರಕ್ಕೆ ಶಾಸನ ಸಾಚಾ ಆಗುವುದಿಲ್ಲ. ಗಂಗರ ಹಲವು ತಾಮ್ರಶಾಸನಗಳನ್ನು ಫ್ಲೀಟರು ಕೃತಕವೆಂದು ತಳ್ಳಿದುದು, ರೈಸರು ಅದನ್ನು ಒಪ್ಪದೆ ಹೋದುದು ಸರ್ವವಿದಿತ. ಅಂತೆಯೇ ಐಎಂಎಯ ದಾಖಲೆಯೂ ಬರೆದುದು ಬರೆದಂತೆಯೇ ಉಳಿದಿದೆಯೆಂಬುದಕ್ಕೆ ಸಾಕ್ಷಿಯೇ ಹೊರತು, ನಡೆದ ಪ್ರೋಗ್ರಾಂ ಒಳ್ಳೆಯದೆಂಬುದಕ್ಕೆ ಸಾಕ್ಷಿಯಲ್ಲ. ಈ ಭೇದವನ್ನು ಮರೆತು ಬರೆದ ಪ್ರಶಂಸೆಗಳು ಅನೇಕ.

ಇನ್ನು ಕಂಟೈನರ್. ಇದು ಪ್ರತ್ಯೇಕ ಯಂತ್ರವಲ್ಲ. ಪ್ರತ್ಯೇಕ ಯಂತ್ರವೆಂಬ ಭಾವನೆಯನ್ನು ಹುಟ್ಟಿಸುವ ಏರ್ಪಾಡು. ಕರ್ನಲ್ ತನ್ನಲ್ಲಿರುವ ಹೆಸರುಗಳ ಒಂದೊಂದು ಬಗೆಯನ್ನೂ ಗುಂಪುಗುಂಪಾಗಿ ವಿಂಗಡಿಸಿ, ಒಂದು ಗುಂಪಿನವರಿಗೆ ಇನ್ನೊಂದು ಗುಂಪು ಕಾಣದಂತೆ ಮಾಡುತ್ತದೆ. ಈ ವಿಂಗಡಣೆಯ ಹೆಸರೇ ನೇಮ್‌ಸ್ಪೇಸ್. ಕಡತಗಳ ಆರೋಹಣಕ್ಕೆ ಸಂಬಂಧಿಸಿದ ನೇಮ್‌ಸ್ಪೇಸ್ ೨೦೦೨ರಲ್ಲಿ ಬಂದಿತು. ಬಳಕೆದಾರರ ಗುರುತಿನದು ೨೦೧೩ರ ಹೊತ್ತಿಗೆ ಪೂರ್ಣರೂಪ ತಾಳಿತು. ಕಾಲಗಣನೆಯದು ೨೦೨೦ರಲ್ಲಿ ಸೇರಿ ಒಟ್ಟು ಎಂಟು ಬಗೆಗಳಾದುವು. ಡಾಕರ್ ಎಂಬ ಸಲಕರಣೆ ೨೦೧೩ರಲ್ಲಿ ಹೊರಬಂದ ಮೇಲೆ ಇವೆಲ್ಲವನ್ನೂ ಕೂಡಿಸಿ ಕಂಟೈನರ್ ಮಾಡುವುದು ಸುಲಭವಾಗಿ, ಅದರ ಬಳಕೆ ಎಲ್ಲೆಡೆ ಹಬ್ಬಿತು. ಈ ಎಂಟರಲ್ಲಿ ಐಎಂಎಯ ಪಾಲು ಇಲ್ಲ. ಮನೆಗೆ ಗೋಡೆಗಳೆದ್ದುವು, ಲೆಕ್ಕದ ಪುಸ್ತಕ ಮಾತ್ರ ಅವಿಭಕ್ತ ಕುಟುಂಬದ್ದಾಗಿಯೇ ಉಳಿಯಿತು.

ಇದರಿಂದ ಆದ ತೊಡಕುಗಳಲ್ಲಿ ಎಲ್ಲರೂ ಹೇಳುವುದು ಗೋಪ್ಯತೆಯ ವಿಚಾರ. ಒಬ್ಬ ಒಡೆಯನ ಕಂಟೈನರ್ ಸರಿಯಾಗಿದೆಯೇ ಎಂದು ಪರೀಕ್ಷಿಸಬೇಕಾದರೆ ಇಡೀ ಪಟ್ಟಿಯನ್ನು ಪರೀಕ್ಷಕನ ಮುಂದಿಡಬೇಕು. ಆಗ ನೆರೆಯ ಒಡೆಯರು ಯಾವ ತಂತ್ರಾಂಶದ ಯಾವ ಆವೃತ್ತಿಯನ್ನು ನಡೆಸುತ್ತಿದ್ದಾರೆಂಬುದೂ ಅವನಿಗೆ ತಿಳಿದುಹೋಗುತ್ತದೆ. ದೋಷವಿರುವ ಹಳೆಯ ಆವೃತ್ತಿ ಎಲ್ಲಿದೆಯೆಂದು ಹುಡುಕುವವನಿಗೆ ಇದಕ್ಕಿಂತ ಒಳ್ಳೆಯ ಸೂಚೀಪತ್ರ ಬೇಕಿಲ್ಲ. ಎರಡನೆಯದು ಯಾರ ಸಾಲು ಎಂಬುದೇ ತಿಳಿಯದ ತೊಡಕು. ಕಂಟೈನರಿನೊಳಗಿನ ಕಡತದ ಹಾದಿ ಒಳಗಿನಿಂದ ಕಾಣುವಂತೆಯೇ ದಾಖಲಾಗಬಹುದಾದುದರಿಂದ, ಒಂದೇ ಹೆಸರಿನ ಕಡತ ಯಾವ ಆವರಣದ್ದೆಂದು ಪಟ್ಟಿಯನ್ನು ನೋಡಿ ಹೇಳಲಾಗದು. ಇಟಲಿಯ ಟೊರಿನೊ ಪಾಲಿಟೆಕ್ನಿಕ್‌ನ ಸಂಶೋಧಕರು ಸಾಲುಸಾಲಿಗೂ ಆವರಣದ ಗುರುತನ್ನು ಸೇರಿಸುವ ಸರಳೋಪಾಯವನ್ನು ಸೂಚಿಸಿದುದು ಈ ತೊಡಕಿಗಾಗಿ. ಅದು ಗೋಪ್ಯತೆಗೆ ಮದ್ದಲ್ಲವಾದರೂ, ದಾಖಲೆಯನ್ನು ಒಡೆಯದೆ ಓದಲು ಅನುಕೂಲ ಮಾಡಿಕೊಡುತ್ತದೆಂಬುದು ಅದರ ಗುಣ.

ನಮ್ಮ ದೃಷ್ಟಿಯಲ್ಲಿ ಇವೆರಡಕ್ಕಿಂತ ಗಹನವಾದುದು ಮೂರನೆಯ ತೊಡಕು; ಅದರ ಮಾತು ಅಷ್ಟಾಗಿ ಕೇಳಿಬರದು. ಐಎಂಎ ಒಮ್ಮೆ ಅಳೆದ ಕಡತ ಬದಲಾಗದೆ ಇದ್ದರೆ ಅದನ್ನು ಮತ್ತೆ ಅಳೆಯುವುದಿಲ್ಲ. ಅಲ್ಲದೆ, ಅದೇ ಬೆರಳಚ್ಚೂ ಅದೇ ಹೆಸರೂ ಉಳ್ಳ ಸಾಲು ಪಟ್ಟಿಯಲ್ಲಿ ಈಗಾಗಲೇ ಇದ್ದರೆ ವಾಡಿಕೆಯಾಗಿ ಎರಡನೆಯ ಸಲ ಬರೆಯುವುದಿಲ್ಲ. ಒಬ್ಬನೇ ಒಡೆಯನಿದ್ದ ಕಾಲಕ್ಕೆ ಇದು ಒಳ್ಳೆಯ ಮಿತವ್ಯಯ: ಈ ಯಂತ್ರದಲ್ಲಿ ಇಂಥ ಪ್ರೋಗ್ರಾಂ ನಡೆದಿದೆಯೇ ಎಂಬ ಪ್ರಶ್ನೆಗೆ ಒಂದು ಸಾಲು ಸಾಕು. ಈಗ ಒಂದೇ ಮೂಲಚಿತ್ರದಿಂದ ಹುಟ್ಟಿದ ಎರಡು ಕಂಟೈನರ್‌ಗಳನ್ನು ಊಹಿಸಿ. ಬೆಳಿಗ್ಗೆ ಮೊದಲನೆಯದು ಒಂದು ಪ್ರೋಗ್ರಾಂನ್ನು ನಡೆಸಿತು. ಒಂದು ಸಾಲು ಬಿತ್ತು. ಸಂಜೆ ಎರಡನೆಯದೂ ಅದನ್ನೇ ನಡೆಸಿತು, ಸಾಲು ಬೀಳಲಿಲ್ಲ. ಪಟ್ಟಿಯನ್ನು ಓದಿದವನು ಎರಡನೆಯ ಕಂಟೈನರಿನಲ್ಲಿ ಅದು ನಡೆಯಲೇ ಇಲ್ಲವೆಂದು ತೀರ್ಮಾನಿಸಿದರೆ ಆಕರದ ಮೌನವನ್ನು ಅಭಾವವೆಂದು ಭಾವಿಸಿದ ದೋಷಕ್ಕೆ ಗುರಿಯಾಗುತ್ತಾನೆ. ದಾಖಲೆ ಇಲ್ಲಿ ಸುಳ್ಳು ಹೇಳಿಲ್ಲ. ಅದನ್ನು ಯಾವ ಪ್ರಶ್ನೆಗೆಂದು ಬರೆದಿದ್ದರೋ ಆ ಪ್ರಶ್ನೆ ಬದಲಾಗಿದೆ. ಪುನರುಕ್ತ ಸಾಲುಗಳನ್ನೂ ಬರೆಸುವ ಆಯ್ಕೆ ಈಚಿನ ಕರ್ನಲ್‌ಗಳಲ್ಲಿ ಉಂಟು. ಆದರೆ ಸಾಲು ಯಾರದೆಂಬುದು ಅದರಿಂದಲೂ ತಿಳಿಯುವುದಿಲ್ಲ. ಆದುದರಿಂದ ವಿಂಗಡಣೆ ಬೇಕೆನ್ನುವವರ ಪಕ್ಷದಲ್ಲಿ ಗೋಪ್ಯತೆಗಿಂತ ಬಲವಾದ ವಾದವೊಂದಿದೆ. ಅದನ್ನು ಅವರೇ ಮುಂದಿಡದಿರುವುದು ಆಶ್ಚರ್ಯ.

ಈಗ ಸೂಚನೆಗಳಿಗೆ ಬರೋಣ. ೨೦೧೮ರಲ್ಲಿ ಯುಚ್ಯೋಂಗ್ ಸನ್ ಮತ್ತು ಅವರ ಸಹಲೇಖಕರು ಭದ್ರತಾ ನೇಮ್‌ಸ್ಪೇಸ್ ಎಂಬ ಕಲ್ಪನೆಯನ್ನು ಮಂಡಿಸಿದರು. ಐಎಂಎಯ ದೀರ್ಘಕಾಲದ ಪಾಲಕರಾದ ಮಿಮಿ ಜೋಹರ್ ಅವರೂ ಲೇಖಕರಲ್ಲೊಬ್ಬರು. ಕಂಟೈನರ್ ತನ್ನ ಭದ್ರತೆಯ ನಿಯಮಗಳನ್ನು ತಾನೇ ಮಾಡಿಕೊಳ್ಳಬೇಕು, ಆದರೆ ಇತರರ ಭದ್ರತೆಗೆ ಅದರಿಂದ ಕುಂದು ಬರಬಾರದು ಎಂಬುದು ಅವರ ಗುರಿ. ಇದಕ್ಕೆ ಅವರು ಕಂಡುಕೊಂಡ ಉಪಾಯ ಸ್ತುತ್ಯವಾದುದು. ಕೆಲಸವೊಂದು ನಡೆದಾಗ, ಅದು ಯಾವ ಆವರಣದಲ್ಲಿ ನಡೆಯಿತೆಂದು ಕೇಳುವುದಕ್ಕಿಂತ, ಯಾರ ಯಾರ ನಿರೀಕ್ಷೆಗೆ ಅದರಿಂದ ಬಾಧೆ ಬರಬಹುದೆಂದು ಕೇಳಿ, ಅಂಥ ಎಲ್ಲ ನೇಮ್‌ಸ್ಪೇಸ್‌ಗಳಿಗೂ ಅದನ್ನು ಒಪ್ಪಿಸುವುದು. ಎಲ್ಲರೂ ಸಮ್ಮತಿಸಿದರೆ ಮಾತ್ರ ಮುಂದುವರಿಸುವುದು. ಈ ಭೇದದ ಬೆಲೆ ಗೊತ್ತಾಗುವುದು ಹಂಚಿಕೊಂಡ ಕಡತಗಳಲ್ಲಿ. ಎರಡು ಕಂಟೈನರ್‌ಗಳಿಗೂ ಸಮಾನವಾದ ಸಂಗ್ರಹದಲ್ಲಿರುವ ಕಡತವೊಂದನ್ನು ಒಂದು ಬರೆಯಲೆಂದು ತೆರೆದಿರುವಾಗಲೇ ಇನ್ನೊಂದು ಅಳೆಯಬೇಕಾದ ಓದಿಗೆ ತೆರೆಯಿತೆನ್ನೋಣ. ಆಗ ಅಳೆದ ಬೆಲೆ ಮರುಕ್ಷಣವೇ ಸುಳ್ಳಾಗಬಹುದು. ಐಎಂಎ ಇದನ್ನು ಮುಚ್ಚಿಡುವುದಿಲ್ಲ. ಬೆರಳಚ್ಚಿನ ಸ್ಥಾನದಲ್ಲಿ ಬರಿಯ ಸೊನ್ನೆಗಳನ್ನು ಬರೆದು, ಇಲ್ಲಿ ಉಲ್ಲಂಘನೆಯಾಗಿದೆ, ನನ್ನ ಮಾತು ನಂಬತಕ್ಕದ್ದಲ್ಲ ಎಂದು ಹೇಳಿಬಿಡುತ್ತದೆ. ತನ್ನ ಲೋಪವನ್ನು ತಾನೇ ಸಾರುವ ಲಿಪಿಕಾರರು ನಮ್ಮ ಹಸ್ತಪ್ರತಿಗಳಲ್ಲಿ ಎಷ್ಟು ಜನ ಸಿಕ್ಕಾರು! ಈ ಸೊನ್ನೆಗಳ ಸಾಲು ಯಾರ ಪಟ್ಟಿಗೆ ಸೇರಬೇಕು? ಓದಿದವನ ಪಟ್ಟಿಗೆ ಮಾತ್ರ ಸೇರಿದರೆ ಕಾರಣ ಅವನಿಗೆ ಕಾಣದು. ಬರೆದವನ ಪಟ್ಟಿಗೆ ಮಾತ್ರ ಸೇರಿದರೆ ನಷ್ಟ ಯಾರಿಗಾಯಿತೋ ಅವನಿಗೆ ತಿಳಿಯದು. ಇಬ್ಬರಿಗೂ ಸೇರಬೇಕೆಂಬುದು ಸನ್ ಅವರ ತತ್ತ್ವದಿಂದ ಸಹಜವಾಗಿ ಹೊರಡುವ ಉತ್ತರ. ಮುಂದಿನವರು ಈ ತತ್ತ್ವವನ್ನು ಸಾಕಷ್ಟು ಬಳಸಿಕೊಂಡಿಲ್ಲವೆಂದು ನಮಗೆ ತೋರುತ್ತದೆ.

೨೦೧೯ರಲ್ಲಿ ಬೀಜಿಂಗ್‌ನಲ್ಲಿ ನಡೆದ ಸಮ್ಮೇಳನವೊಂದರಲ್ಲಿ ವು ಲುವೊ ಮತ್ತು ಸಂಗಡಿಗರು ಮಂಡಿಸಿದ ಕಂಟೈನರ್-ಐಎಂಎ ನೇರವಾಗಿ ದಾಖಲೆಯ ವಿಭಜನೆಗೇ ಕೈಹಾಕುತ್ತದೆ. ಚಿಪ್ಪಿನಲ್ಲಿರುವುದು ಒಟ್ಟು ೨೪ ಪಿಸಿಆರ್‌ಗಳು; ಅವುಗಳಲ್ಲಿ ಹಲವು ಈಗಾಗಲೇ ಬೇರೆ ಕೆಲಸಗಳಿಗೆ ಮೀಸಲು. ಕಂಟೈನರಿಗೊಂದು ಕೋಶವನ್ನು ಕೊಡುವುದು ಅಸಾಧ್ಯ. ಆದುದರಿಂದ ಇವರು ಕರ್ನಲ್‌ನೊಳಗೇ ಒಂದೊಂದು ಕಂಟೈನರಿಗೂ ಒಂದೊಂದು ಕಲ್ಪಿತ ಕೋಶವನ್ನು ನಿರ್ಮಿಸಿ, ಅವೆಲ್ಲವನ್ನೂ ಚಿಪ್ಪಿನ ನಿಜವಾದ ಕೋಶವೊಂದಕ್ಕೆ ಕಟ್ಟಿಹಾಕುತ್ತಾರೆ. ಪರೀಕ್ಷಕನಿಗೆ ಅವನು ಕೇಳಿದ ಕಂಟೈನರಿನ ಪಟ್ಟಿಯೂ ಅದು ಆಶ್ರಯಿಸಿದ ಭಾಗಗಳ ಪಟ್ಟಿಯೂ ದೊರೆಯುತ್ತವೆ. ಉಳಿದ ಕಂಟೈನರ್‌ಗಳ ವಿಷಯ ಮರೆಯಾಗಿಯೇ ಉಳಿಯುತ್ತದೆ.

ಗೋಪ್ಯತೆಯ ಮಟ್ಟಿಗೆ ಇದು ಸಮರ್ಪಕವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸಾಕ್ಷ್ಯದ ಸ್ವರೂಪ ಇಲ್ಲಿ ಬದಲಾಗಿದೆಯೆಂಬುದನ್ನು ಗಮನಿಸಬೇಕು. ಮೂಲ ಪದ್ಧತಿಯಲ್ಲಿ ಸಾಲುಸಾಲೂ ಬರೆದ ಕ್ಷಣದಲ್ಲಿಯೇ ನೇರವಾಗಿ ಚಿಪ್ಪಿಗೆ ತಲಪುತ್ತಿತ್ತು. ಆಮೇಲೆ ಕರ್ನಲ್ ಕೆಟ್ಟರೂ ಕೆಡುವುದಕ್ಕೆ ಮುಂಚಿನ ಸಾಲುಗಳನ್ನು ಅದು ತಿದ್ದಲಾರದು. ಕಲ್ಪಿತ ಕೋಶ ಇರುವುದು ಕರ್ನಲ್‌ನ ಸ್ಮೃತಿಯಲ್ಲಿ, ಅದನ್ನು ಕಾಯುವವನೂ ಕರ್ನಲ್ಲೇ. ಅದರ ಒಂದೊಂದು ಬದಲಾವಣೆಯೂ ಆಗಿಂದಾಗಲೇ ನಿಜಕೋಶಕ್ಕೆ ಕಟ್ಟುಬಿದ್ದರೆ ಈ ಗುಣ ಉಳಿಯುತ್ತದೆ. ಕಟ್ಟು ಸಡಿಲವಾದಷ್ಟೂ ಕಳೆಯುತ್ತದೆ. ಪ್ರತ್ಯೇಕ ಪಟ್ಟಿಯ ಯಾವ ಸೂಚನೆಯನ್ನಾದರೂ ತೂಗಬೇಕಾದ ಮುಖ್ಯ ತಕ್ಕಡಿ ಇದೆಂದು ನಮ್ಮ ಮತ. ಇನ್ನೊಂದು ಮಾತು. ಮೂಲ ಪಟ್ಟಿಯ ಮೊದಲ ಸಾಲು ಯಂತ್ರದ ಆರಂಭಕಾಲದ ಕೋಶಗಳ ಒಟ್ಟು ಬೆರಳಚ್ಚು. ಪಟ್ಟಿಗೆ ಅದು ಜನ್ಮಪತ್ರವಿದ್ದಂತೆ. ಕಂಟೈನರಿನ ಪಟ್ಟಿಗೆ ಅಂಥ ಸ್ವತಂತ್ರವಾದ ಜನ್ಮಪತ್ರವಿಲ್ಲ. ಅದನ್ನು ಹುಟ್ಟಿಸಿದ ಕರ್ನಲ್ ಮತ್ತು ಅದನ್ನು ನಡೆಸುವ ಸಲಕರಣೆ ಇವುಗಳ ಸಾಕ್ಷ್ಯವನ್ನು ಜೊತೆಗಿಡದೆ ಕಂಟೈನರಿನ ಪಟ್ಟಿಯನ್ನೊಂದನ್ನೇ ತೋರಿಸುವುದು, ಬಳೆಯಿಂದ ಬಿಚ್ಚಿದ ಒಂಟಿ ಹಲಗೆಯನ್ನು ತೋರಿಸಿದಂತೆ. ಲುವೊ ಮತ್ತು ಸಂಗಡಿಗರು ಇದನ್ನು ಅರಿತೇ ಆಶ್ರಯಭಾಗಗಳನ್ನು ಸೇರಿಸಿದ್ದಾರೆ. ಅವರನ್ನು ಅನುಸರಿಸುವವರು ಸುಲಭಕ್ಕಾಗಿ ಅದನ್ನು ಬಿಡದಿರಬೇಕು.

ಕರ್ನಲ್‌ಗೆ ಸೇರಿಸಲೆಂದೇ ಬರೆದ ಸೂಚನೆಗಳು ಬೇರೆ. ೨೦೨೦ರಲ್ಲಿ ಹುವಾವೆ ಸಂಸ್ಥೆಯ ಕಡೆಯಿಂದ ಒಂದು ಬಂದಿತು. ೨೦೨೧ರ ಕೊನೆಯಿಂದ ೨೦೨೨ರ ವರೆಗೆ ಐಬಿಎಂ ಸಂಸ್ಥೆಯ ಸ್ಟೆಫಾನ್ ಬರ್ಗರ್ ಅವರು ಹತ್ತಕ್ಕೂ ಹೆಚ್ಚು ಸಲ ಪರಿಷ್ಕರಿಸಿ ಒಪ್ಪಿಸಿದ ಮಾಲೆ ಇವುಗಳಲ್ಲಿ ಹೆಚ್ಚು ಪಕ್ವವಾದುದು. ಇವರೇ ೨೦೦೬ರಲ್ಲಿ ಸಂಗಡಿಗರೊಡನೆ ಕಲ್ಪಿತ ಟಿಪಿಎಂನ ಪ್ರಬಂಧವನ್ನು ಬರೆದವರು. ಬಳಕೆದಾರರ ನೇಮ್‌ಸ್ಪೇಸ್‌ಗೆ ಐಎಂಎಯನ್ನು ಅಂಟಿಸಿ, ಒಳಗಿನಿಂದಲೇ ಅದನ್ನು ಚಾಲನೆಗೊಳಿಸುವ ಏರ್ಪಾಡು ಇದರಲ್ಲಿದೆ. ನಮಗೆ ಮುಖ್ಯವಾದುದು ಇದರ ಶ್ರೇಣೀಕ್ರಮ: ಒಳಗಿನ ಆವರಣದಲ್ಲಿ ಕಡತವನ್ನು ತೆರೆದಾಗ ಅದರ ನಿಯಮವನ್ನಷ್ಟೇ ಅಲ್ಲದೆ ಹೊರಗಿನ ಆವರಣದ, ಅದರಾಚಿನ ಮೂಲದ ನಿಯಮಗಳನ್ನೂ ಕ್ರಮವಾಗಿ ಅನ್ವಯಿಸಲಾಗುತ್ತದೆ. ಎಂದರೆ, ಹೊಸ ಆವರಣವನ್ನು ಸೃಷ್ಟಿಸಿಕೊಂಡು ಆತಿಥೇಯ ಯಂತ್ರದ ಕಣ್ತಪ್ಪಿಸುವುದು ಯಾರಿಗೂ ಸಾಧ್ಯವಿಲ್ಲ. ಇದು ಅತ್ಯಂತ ಯುಕ್ತವಾದ ಕಟ್ಟುಪಾಡು. ಆದರೆ ಈ ಮಾಲೆ ಒಳಗಿನ ಆವರಣಗಳಲ್ಲಿ ಒಪ್ಪುತ್ತಿದ್ದುದು ಆಡಿಟ್ ನಿಯಮಗಳನ್ನು ಮಾತ್ರ. ಪ್ರತ್ಯೇಕ ಮಾಪನ ಪಟ್ಟಿಯನ್ನೂ ಅದಕ್ಕೆ ಬೇಕಾದ ಕಲ್ಪಿತ ಟಿಪಿಎಂನ ಸಂಬಂಧವನ್ನೂ ಮುಂದಿನ ಹಂತಕ್ಕೆ ಬಿಟ್ಟಿತ್ತು. ಸುಲಭವಾದುದನ್ನು ಮೊದಲು ಸೇರಿಸಿ ಕಠಿನವಾದುದನ್ನು ಆಮೇಲೆ ತರುವುದು ಕರ್ನಲ್‌ನವರ ರೂಢಿಯೇ ಆದರೂ, ಇಲ್ಲಿ ಕಠಿನವಾದುದೇ ವಿಷಯದ ಜೀವಾಳ. ಇಷ್ಟು ಪರಿಷ್ಕರಣಗಳಾದ ಮೇಲೂ ಮಾಲೆ ಮುಖ್ಯ ಕರ್ನಲ್‌ಗೆ ಸೇರದೆ ಉಳಿದುದಕ್ಕೆ ಕಾರ್ಯಕರ್ತರ ಆಲಸ್ಯವನ್ನು ದೂರುವುದು ಅನ್ಯಾಯ.

ಇಷ್ಟರ ಮೇಲೆ ನಮಗೆ ತೋರುವುದಿದು: ಓದುವ ಹಕ್ಕನ್ನು ವಿಭಜಿಸಬಹುದು, ಬರೆಯುವ ಹೊಣೆಯನ್ನು ವಿಭಜಿಸಕೂಡದು. ಪತ್ರಾಗಾರಗಳ ಇತಿಹಾಸದಲ್ಲಿ ಇದಕ್ಕೆ ಹೋಲುವ ಪ್ರಸಂಗವೊಂದುಂಟು. ಫ್ರಾನ್ಸಿನಲ್ಲಿ ಹಳೆಯ ಕಾಗದಗಳನ್ನು ವಿಷಯಾನುಸಾರವಾಗಿ ಕಲಸಿ ಜೋಡಿಸುವ ಪದ್ಧತಿ ಇದ್ದಾಗ, ನಟಾಲಿಸ್ ದ ವೈಲಿ ಎಂಬವರು ೧೮೪೧ರಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ, ಒಂದು ಸಂಸ್ಥೆಯಿಂದ ಬಂದ ಕಾಗದಗಳನ್ನು ಒಟ್ಟಿಗೇ ಇಡಬೇಕೆಂದು ವಿಧಿಸಿದರು; ೧೮೮೧ರಲ್ಲಿ ಪ್ರಷ್ಯದ ಪತ್ರಾಗಾರ ಅವು ಮೊದಲಿದ್ದ ಕ್ರಮವನ್ನೂ ಕೆಡಿಸಬಾರದೆಂದು ಸೇರಿಸಿತು. ವಿಂಗಡಣೆಯನ್ನು ಕೇಳುವವರು ಮೊದಲನೆಯ ವಿಧಿಯ ಪಕ್ಷದವರು: ಕಂಟೈನರಿನ ಸಾಲುಗಳು ಕಂಟೈನರಿಗೆ. ಒಂದೇ ಪಟ್ಟಿ ಸಾಕೆನ್ನುವವರು ಎರಡನೆಯದರ ಪಕ್ಷದವರು: ನಡೆದ ಕ್ರಮದಲ್ಲಿಯೇ ಉಳಿಯಲಿ. ಎರಡು ಕಂಟೈನರ್‌ಗಳ ಪಟ್ಟಿಗಳನ್ನು ಬೇರೆ ಬೇರೆ ಇಟ್ಟಾಗ ಒಂದರ ಘಟನೆ ಇನ್ನೊಂದರ ಘಟನೆಗಿಂತ ಮುಂಚೆ ನಡೆಯಿತೋ ಆಮೇಲೋ ಎಂಬುದು ನಷ್ಟವಾಗುತ್ತದೆ. ಒಂದು ಆವರಣದಿಂದ ಇನ್ನೊಂದಕ್ಕೆ ಹಬ್ಬಿದ ಆಕ್ರಮಣದ ವಿಚಾರಣೆಯಲ್ಲಿ ಬೇಕಾಗುವುದು ಅದೇ. ಕಂಟೈನರಿನ ಸಾಲಿನ ಬೆರಳಚ್ಚನ್ನು ಮಾತ್ರ, ಹೆಸರನ್ನು ಬಯಲು ಮಾಡದೆ, ಆತಿಥೇಯನ ಸರಪಳಿಯಲ್ಲಿಯೂ ನಡೆದ ಕ್ರಮದಲ್ಲಿಯೇ ಸೇರಿಸಿದರೆ ಎರಡು ವಿಧಿಗಳೂ ಉಳಿಯುತ್ತವೆ. ಆದರೆ ಬರಿಯ ಬೆರಳಚ್ಚಿನಿಂದಲೂ ಪ್ರಸಿದ್ಧ ತಂತ್ರಾಂಶಗಳನ್ನು ಗುರುತಿಸಬಹುದಾದುದರಿಂದ, ಗುಟ್ಟಿನ ಸಂಖ್ಯೆಯೊಂದನ್ನು ಬೆರಸಿಯೇ ಸೇರಿಸಬೇಕಾಗುತ್ತದೆ. ಇದರಿಂದ ಆತಿಥೇಯನ ಪಟ್ಟಿ ಬೆಳೆಯುವುದೆಂಬ ಆಕ್ಷೇಪ ಸರಿಯೇ. ಅದು ಸ್ಮೃತಿಯ ಖರ್ಚು, ತೆರತಕ್ಕದ್ದು.

ಆತಿಥೇಯನಿಂದಲೇ ಗೋಪ್ಯತೆ ಬೇಕೆಂಬುವರಿಗೆ ಈ ಯಾವ ಏರ್ಪಾಡೂ ಸಾಲದು. ಕರ್ನಲ್ ಯಾರ ಕೈಯಲ್ಲಿದೆಯೋ ಅವನಿಗೆ ಕಾಣದಿರುವುದು ಯಾವುದೂ ಇಲ್ಲ. ಅಂಥವರು ಸ್ವಂತ ಕರ್ನಲ್ ಉಳ್ಳ ಕಲ್ಪಿತ ಯಂತ್ರವನ್ನೇ, ಅದರಲ್ಲಿಯೂ ಸ್ಮೃತಿಯನ್ನು ಆತಿಥೇಯನಿಂದ ಮರೆಮಾಡುವಂಥದನ್ನು, ಆಶ್ರಯಿಸಬೇಕು. ನೇಮ್‌ಸ್ಪೇಸ್‌ಗಳಿಂದ ಅದನ್ನು ನಿರೀಕ್ಷಿಸುವುದು ಅವುಗಳ ಮೇಲೆ ಹೊರಿಸಲಾಗದ ಹೊರೆ.

ಎಲ್ಲ ಸೂಚನೆಗಳೂ ಲಘುವಾಗಿ ಕಾಣುವ ಒಂದು ವಿಷಯ ಉಳಿದಿದೆ. ಕಂಟೈನರ್‌ಗಳು ಅಲ್ಪಾಯುಗಳು, ಕೆಲವು ಕೆಲವೇ ಕ್ಷಣ ಬದುಕುತ್ತವೆ. ಪಟ್ಟಿ ಕಂಟೈನರಿನ ನೇಮ್‌ಸ್ಪೇಸ್‌ಗೆ ಸೇರಿದ ಸ್ಮೃತಿಯಲ್ಲಿದ್ದರೆ, ನೇಮ್‌ಸ್ಪೇಸ್ ಅಳಿದಾಗ ಪಟ್ಟಿಯೂ ಅಳಿಯುತ್ತದೆ. ಒಂದೇ ಪಟ್ಟಿಯ ಪದ್ಧತಿಯಲ್ಲಿ ಸತ್ತ ಕಂಟೈನರಿನ ಸಾಲುಗಳು ಯಂತ್ರ ನಿಲ್ಲುವ ತನಕವಾದರೂ ಇರುತ್ತಿದ್ದುವು. ದುಷ್ಕೃತ್ಯವನ್ನು ಮಾಡಿ ತತ್‌ಕ್ಷಣವೇ ತನ್ನನ್ನು ಮುಗಿಸಿಕೊಂಡ ಕಂಟೈನರಿನ ಪಟ್ಟಿಯನ್ನು, ಅದು ಮುಗಿಯುವ ಮುನ್ನ ಹೊರಗಿಟ್ಟು ಕಾಪಾಡುವ ಹೊಣೆ ಕರ್ನಲ್‌ನದೋ, ಅದನ್ನು ನಡೆಸುವ ಸಲಕರಣೆಯದೋ, ಒಡೆಯನದೋ? ಸಲಕರಣೆಯದೆಂದರೆ, ಯಾರನ್ನು ಪರೀಕ್ಷಿಸಬೇಕೋ ಅವರ ಕೈಗೇ ದಾಖಲೆಯನ್ನು ಕೊಟ್ಟಂತಾಗುತ್ತದೆ. ಕರ್ನಲ್‌ನದೆಂದರೆ, ಎಷ್ಟು ಕಾಲ, ಎಷ್ಟು ಸ್ಮೃತಿಯಲ್ಲಿ ಎಂಬ ಪ್ರಶ್ನೆ ಬರುತ್ತದೆ. ಅಳಿಯುವ ಮುನ್ನ ಪಟ್ಟಿಯ ಅಂತಿಮ ಬೆಲೆಯನ್ನೂ ಸಾಲುಗಳ ಸಂಖ್ಯೆಯನ್ನೂ ಆತಿಥೇಯನ ಸರಪಳಿಯಲ್ಲಿ ಒಂದು ಸಾಲಾಗಿ ಬರೆಯಬೇಕೆಂಬ ಕನಿಷ್ಠ ನಿಯಮವನ್ನಾದರೂ, ಮುಂದೆ ಮಾಪನ ಪಟ್ಟಿಗಳ ವಿಭಜನೆಯನ್ನು ಕೈಗೊಳ್ಳುವವರು ಮೊದಲನೆಯ ಹಂತದಲ್ಲಿಯೇ ಸೇರಿಸತಕ್ಕದ್ದು. ಪಟ್ಟಿಯ ಪ್ರತಿಯೊಂದು ಎಲ್ಲಿಯಾದರೂ ಉಳಿದು ಬಂದರೆ, ಅದು ಪೂರ್ಣವೋ ಅಪೂರ್ಣವೋ ಎಂದು ಹೋಲಿಸಿ ನೋಡಲು ಆಗ ಅಷ್ಟಾದರೂ ಇರುತ್ತದೆ.